ನಡುಗಿದ ನೆಲದ ಮೇಲೆ ಮತ್ತೆ ಮನೆ

ಗುಜರಾತಿನ ಕಛ್ ಜಿಲ್ಲೆಯ ಭುಜ್‌ನಲ್ಲಿ ಜನ ದಾರಿ ಹೇಳುವಾಗಲೂ ‘ಭೂಕಂಪಕ್ಕೆ ಮೊದಲು ಇಲ್ಲಿ ಅಂಗಡಿಸಾಲಿತ್ತು’ ಎನ್ನುತ್ತಾರೆ. 2001ರ ಜನವರಿ 26ರ ಬೆಳಿಗ್ಗೆ 8.46ಕ್ಕೆ ಅವರ ಕಾಲವೇ ಎರಡು ಹೋಳಾಯಿತು. 7.7 ತೀವ್ರತೆಯ ಕಂಪನಕ್ಕೆ ಕಛ್‌ನ ಊರೂರುಗಳೇ ಕುಸಿದವು. ಅಂಜಾರ್‌ನಲ್ಲಿ ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದ 185 ಮಕ್ಕಳು ಇಕ್ಕಟ್ಟಿನ ಬೀದಿಯಲ್ಲಿ ಕಟ್ಟಡಗಳಡಿ ಸಿಲುಕಿ ತೀರಿಕೊಂಡರು.

ಇಷ್ಟೆಲ್ಲ ಕಂಡವರು ಅದೇ ನೆಲದ ಮೇಲೆ ನಿಶ್ಚಿಂತೆಯಿಂದ ಮಲಗುವುದನ್ನು ಹೇಗೆ ಕಲಿತರು? ಈ ಪ್ರಶ್ನೆ ಹೊತ್ತೇ ನಾನು ಕಛ್‌ಗೆ ಹೋದೆ.

ಭುಜ್‌ನ ಭುಜಿಯೊ ಗುಡ್ಡದ ಮೇಲೆ 470 ಎಕರೆಯಲ್ಲಿ ಸ್ಮೃತಿವನವಿದೆ. 2022ರಲ್ಲಿ ತೆರೆದ ಈ ಸ್ಮಾರಕದಲ್ಲಿ ಮಡಿದ 12,932 ಜನರ ಹೆಸರುಗಳಿವೆ. ವಸ್ತುಸಂಗ್ರಹಾಲಯದ ಒಂದು ಕೋಣೆಯಲ್ಲಿ ಕಂಪನದ ಅನುಭವ ಮಾಡಿಸುತ್ತಾರೆ. ಅಲ್ಲಿಗೆ ಬಂದ ಕುಟುಂಬವೊಂದರ ಮಕ್ಕಳು ಒಳಗೆ ಓಡಿದರು. ಅಜ್ಜಿ ಮಾತ್ರ ಹೊರಗೇ ಕುಳಿತರು. ‘ನಾನು ನೋಡಿಯಾಗಿದೆ ಬೇಟಾ, ನೀವು ಹೋಗಿಬನ್ನಿ’ ಎಂದರು. ಮೊಮ್ಮಕ್ಕಳು ಹೊರಬಂದ ಮೇಲೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಂದು ಬಿದ್ದ ತಮ್ಮ ಮನೆಯ ಕಥೆಯನ್ನು ತಡವರಿಸದೆ ಹೇಳಿದರು. ನಡುಗುವ ನೆಲ ಅವರಿಗೆ ಇನ್ನೂ ಬೇಡ. ಅದರ ಕಥೆ ಹೇಳಬಲ್ಲರು.

ಹೀಗೆ ಬಾಯಿಬಿಟ್ಟು ಹೇಳಿಕೊಳ್ಳುವುದಕ್ಕೆ ಅಂದು ನೆರವಾದವರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರೂ ಇದ್ದರು. ಒಡಿಶಾದ 1999ರ ಚಂಡಮಾರುತದ ಸಂತ್ರಸ್ತರ ನಡುವೆ ದುಡಿದಿದ್ದ ಅವರು ಗುಜರಾತಿಗೂ ಬಂದು, ಸಂತ್ರಸ್ತರ ಮಾತಿಗೆ ಕಿವಿಗೊಡುವ ಬಗೆಯನ್ನು ಸ್ಥಳೀಯ ಕಾರ್ಯಕರ್ತರಿಗೇ ಕಲಿಸಿದರು. ಮನಸ್ಸಿನ ವೈದ್ಯರು ಎಷ್ಟು ಮನೆಗಳಿಗೆ ಹೋಗಲು ಸಾಧ್ಯ? ನೆರೆಯವರು ಎಲ್ಲ ಮನೆಗೂ ಹೋಗಬಲ್ಲರು.

ಬನ್ನಿ ಹುಲ್ಲುಗಾವಲಿನ ಕಡೆ ಹೊರಟರೆ ಇನ್ನೂ ಹಳೆಯ ಉತ್ತರವೊಂದು ಸಿಗುತ್ತದೆ. ಅಲ್ಲಿನ ‘ಭುಂಗಾ’ ಎಂಬ ದುಂಡು ಮಣ್ಣಿನ ಮನೆಗಳು 1819ರ ಭೂಕಂಪದ ನಂತರ ಹೆಚ್ಚು ಬಳಕೆಗೆ ಬಂದವೆಂದು ಹೇಳುತ್ತಾರೆ. ಮೂಲೆಗಳಿಲ್ಲದ ಗೋಡೆ ಕಂಪನದ ಬಲವನ್ನು ಸುತ್ತಲೂ ಹಂಚುತ್ತದೆ. ಹುಲ್ಲಿನ ಚಾವಣಿ ಹಗುರ. 2001ರಲ್ಲಿ ಇಂಥ ಅನೇಕ ಮನೆಗಳು ನಿಂತೇ ಇದ್ದವು. ಅಂದಿನವರ ಭಯ ಗೋಡೆಯ ಆಕಾರವಾಗಿ ಮೊಮ್ಮಕ್ಕಳನ್ನು ಕಾಯಿತು.

ಅಜ್ರಖ್ ಎಂಬ ಅಚ್ಚಿನ ಬಟ್ಟೆ ಮಾಡುವ ಧಮಡ್ಕಾ ಊರಿನ ಖತ್ರಿ ಸಮುದಾಯದವರಿಗೆ ಮನೆಯ ಜೊತೆ ನೀರೂ ಕೈಕೊಟ್ಟಿತ್ತು. ಭೂಕಂಪದ ಬಳಿಕ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿತು; ಅಜ್ರಖ್ ಬಟ್ಟೆಯ ನೀಲಿ, ಕೆಂಪು ಬಣ್ಣಗಳು ಸರಿಯಾಗಿ ಕೂರದಾದವು. ನೂರಾರು ವರ್ಷಗಳ ನೆಲೆಯನ್ನು ಬಿಟ್ಟು ಅನೇಕರು ಭುಜ್ ಸಮೀಪ ಹೊಸ ಊರನ್ನೇ ಕಟ್ಟಿದರು. ಡಾ. ಇಸ್ಮಾಯಿಲ್ ಮೊಹಮ್ಮದ್ ಖತ್ರಿ ಮುಂದೆ ನಿಂತರು. ಕಸುಬಿನ ಹೆಸರನ್ನೇ ಊರಿಗಿಟ್ಟರು: ಅಜ್ರಖ್‌ಪುರ. ಅಲ್ಲಿನ ಅಂಗಳಗಳಲ್ಲಿ ಮರದ ಅಚ್ಚು ಒತ್ತುವ ಯುವಕರಲ್ಲಿ ಕೆಲವರು ಭೂಕಂಪದ ನಂತರ ಹುಟ್ಟಿದವರು.

ಎಲ್ಲರೂ ಊರು ಬಿಡಲಿಲ್ಲ. ಧಮಡ್ಕಾದಲ್ಲೇ ಉಳಿದವರೂ ಕಸುಬು ಮುಂದುವರಿಸಿದ್ದಾರೆ. 2024ರಲ್ಲಿ ಕಛ್ ಅಜ್ರಖ್‌ಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ದೊರೆತಾಗ ಅದು ಹೊರಟವರಿಗೂ ಉಳಿದವರಿಗೂ ಒಟ್ಟಿಗೇ ಸಂದಿತು.