ಕರಿಹಲಗೆ ದಾಟಿ ಹೋದ ಸಂಖ್ಯೆ

ನಾನು ಹೈಸ್ಕೂಲಿನಲ್ಲಿದ್ದಾಗ ದೊಡ್ಡ ಅವಿಭಾಜ್ಯ ಸಂಖ್ಯೆಯೂ ಕರಿಹಲಗೆಯ ಒಂದು ಸಾಲಿನಲ್ಲಿ ಹಿಡಿಸುತ್ತಿತ್ತು. ಗಣಿತದ ಮೇಷ್ಟ್ರು ಬರೆದದ್ದು ಇದನ್ನು: 170141183460469231731687303715884105727. ಎರಡರ 127ನೇ ಘಾತದಲ್ಲಿ ಒಂದು ಕಳೆದರೆ ಬರುವ 39 ಅಂಕಿಗಳ ಸಂಖ್ಯೆ. ಅದು ಅವಿಭಾಜ್ಯ ಎಂದು ಫ್ರಾನ್ಸಿನ ಎದ್ವಾರ್ ಲೂಕಾ 1876ರಲ್ಲಿ ಯಂತ್ರದ ನೆರವಿಲ್ಲದೆ ತೋರಿಸಿಕೊಟ್ಟ. 1951ರವರೆಗೆ ಅದಕ್ಕಿಂತ ದೊಡ್ಡದು ಯಾರ ಕೈಗೂ ಸಿಗಲಿಲ್ಲ.

ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತ ಕೂತರೆ ಆಯುಷ್ಯ ಸಾಲದು. ಲೂಕಾ ಹಿಡಿದದ್ದು ಬೇರೆಯೇ ದಾರಿ. 1930ರಲ್ಲಿ ಅಮೆರಿಕದ ಡಿ. ಎಚ್. ಲೆಹ್ಮರ್ ಅದನ್ನು ಇನ್ನೂ ಸರಳಗೊಳಿಸಿದ. ಮೇಷ್ಟ್ರು ಆ ಪರೀಕ್ಷೆಯನ್ನು 31ರ ಮೇಲೆ ಮಾಡಿಸಿದರು. 31 ಎಂದರೆ ಎರಡರ ಐದನೇ ಘಾತಕ್ಕೆ ಒಂದು ಕಡಿಮೆ. ನಾಲ್ಕರಿಂದ ಶುರು. ವರ್ಗ ಮಾಡಿ ಎರಡು ಕಳೆಯಿರಿ: 14. ಮತ್ತೆ ವರ್ಗ ಮಾಡಿ ಎರಡು ಕಳೆದರೆ 194. 31ರಿಂದ ಭಾಗಿಸಿದರೆ ಶೇಷ 8. ಎಂಟರ ವರ್ಗದಲ್ಲಿ ಎರಡು ಕಳೆದರೆ 62, ಶೇಷ ಸೊನ್ನೆ. ಘಾತಕ್ಕಿಂತ ಎರಡು ಕಡಿಮೆ ಸಲ, ಅಂದರೆ ಇಲ್ಲಿ ಮೂರೇ ಸಲ, ಹೀಗೆ ಮಾಡಿದಾಗ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ. ಹಾಗಂತ ಘಾತ ಅವಿಭಾಜ್ಯವಾದ ಮಾತ್ರಕ್ಕೆ ಸೊನ್ನೆ ಬಂದೇ ಬರುತ್ತದೆ ಎಂದಲ್ಲ. 11ನೇ ಘಾತ ಕೊಡುವ 2047 ಇಲ್ಲಿ ಸೋಲುತ್ತದೆ. ಅದು 23 ಮತ್ತು 89ರ ಗುಣಲಬ್ಧ.

1978ರಲ್ಲಿ ಅಮೆರಿಕದ ಇಬ್ಬರು ಹದಿನೆಂಟರ ಹರೆಯದವರು, ಲಾರಾ ನಿಕಲ್ ಮತ್ತು ಲ್ಯಾಂಡನ್ ಕರ್ಟ್ ನಾಲ್, ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ 6,533 ಅಂಕಿಗಳ ಅವಿಭಾಜ್ಯವನ್ನು ಕಂಡುಹಿಡಿದರು. ಅಷ್ಟನ್ನು ಎರಡು ಮೂರು ಪುಟಗಳಲ್ಲಿ ಅಚ್ಚು ಹಾಕಬಹುದು. 2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯುರಾಂಟ್ ಕಂಡ ಸಂಖ್ಯೆ ಎರಡರ 136279841ನೇ ಘಾತಕ್ಕೆ ಒಂದು ಕಡಿಮೆ. ಅದರಲ್ಲಿ 4,10,24,320 ಅಂಕಿಗಳಿವೆ. ಪುಟಕ್ಕೆ ಮೂರು ಸಾವಿರ ಅಂಕಿಯಂತೆ ಹಿಡಿದರೂ 13,600 ಪುಟ ದಾಟುತ್ತದೆ. ಅಷ್ಟು ದೊಡ್ಡ ಸಂಖ್ಯೆಯನ್ನು ಕೊನೆಗೆ ಖಚಿತಪಡಿಸಿದ್ದೂ ನಾಲ್ಕರಿಂದ ಶುರುವಾಗುವ ಅದೇ ಪರೀಕ್ಷೆ. ಈ ಸಂಗತಿ ನನಗೆ ದಾಖಲೆಗಿಂತ ಹೆಚ್ಚಿನದು.

ಈಗಿನ ಮಕ್ಕಳು ಮೊಬೈಲನ್ನು ಕೇಳಿದರೆ ಕ್ಷಣದಲ್ಲಿ ‘ಹೌದು’, ‘ಅಲ್ಲ’ ಎಂಬ ಉತ್ತರ ಬರುತ್ತದೆ. ಯಂತ್ರದ ಮೇಲೆ ನನಗೆ ತಕರಾರಿಲ್ಲ. ಡ್ಯುರಾಂಟನ ಸಂಖ್ಯೆಯನ್ನು ಯಾವ ಮನುಷ್ಯನೂ ಕೈಯಲ್ಲಿ ಪರೀಕ್ಷಿಸಲಾರ. ಆದರೆ ಆ ಉತ್ತರ ಹೇಗೆ ಬಂತು ಎಂದು ಕೇಳುವ ಅವಕಾಶವನ್ನು ನಮ್ಮ ತರಗತಿಗಳು ಸುಮ್ಮನೆ ಬಿಟ್ಟುಕೊಟ್ಟಿವೆ. ಅದಕ್ಕೆ ಬೇಕಾದದ್ದು ವರ್ಗ, ವ್ಯವಕಲನ, ಭಾಗಾಕಾರ, ಇಷ್ಟೇ. ಏಳನೇ ತರಗತಿಯ ಮಕ್ಕಳಿಗೆ ಇವೆಲ್ಲ ಬರುತ್ತವೆ.

ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಒಂದು ಪೀರಿಯಡ್ಡು ಬಿಡುವು ಮಾಡಿಕೊಂಡು, ಎರಡರ ಏಳನೇ ಘಾತಕ್ಕೆ ಒಂದು ಕಡಿಮೆಯಾದ 127ನ್ನು ಮಕ್ಕಳ ಕೈಯಲ್ಲೇ ಪರೀಕ್ಷೆ ಮಾಡಿಸಿ. ಶೇಷಗಳು 14, 67, 42, 111 ಎಂದು ಬರಬೇಕು, ಐದನೆಯದು ಸೊನ್ನೆ.