ತಿನ್ನಲೋ, ಬಿತ್ತಲೋ?

ಅಡುಗೆಮನೆ ಕಟ್ಟೆಯ ಕೆಳಗೆ, ಈರುಳ್ಳಿಯ ಪಕ್ಕದಲ್ಲಿರುವ ಆಲೂಗಡ್ಡೆ ಬುಟ್ಟಿಯನ್ನು ಯಾರೂ ದಿನಾ ಬಗ್ಗಿ ನೋಡುವುದಿಲ್ಲ. ಸೊಪ್ಪು ಬಾಡಿದರೆ ಕಣ್ಣಿಗೆ ಬೀಳುತ್ತದೆ, ಟೊಮೇಟೊ ಕೊಳೆತರೆ ಮೂಗಿಗೆ ಬಡಿಯುತ್ತದೆ. ಆಲೂಗಡ್ಡೆಯ ತಂಟೆ ಇಲ್ಲ. ಹಬ್ಬಕ್ಕೆ ಊರಿಗೆ ಹೋಗಿ ಬಂದು, ಪಲ್ಯಕ್ಕೆಂದು ಬುಟ್ಟಿಗೆ ಕೈ ಹಾಕಿದಾಗಲೇ ಗೊತ್ತಾಗುವುದು: ಗಡ್ಡೆಯ ಮೈಯೆಲ್ಲ ಮೊಳಕೆ! ಆಗ ಮನೆಯಲ್ಲಿ ಎರಡು ಪಕ್ಷ ಹುಟ್ಟುತ್ತವೆ. ಮೊಳಕೆ ಮುರಿದು, ಸಿಪ್ಪೆ ದಪ್ಪಗೆ ಹೆರೆದು ಬೇಯಿಸಿದರಾಯಿತು ಎನ್ನುವವರದು ಒಂದು. ಎಸೆದುಬಿಡಿ ಎನ್ನುವವರದು ಇನ್ನೊಂದು. ನಾನು ಮೂರನೆಯ ಪಕ್ಷದವನು. ಅದನ್ನು ಮಣ್ಣಿಗೆ ಹಾಕಿ ಎನ್ನುವವನು.

ಇದರಲ್ಲಿ ನಮ್ಮವರಿಗೆ ಹೊಸದೇನೂ ಇಲ್ಲ. ಮೊಳಕೆ ಬಂದ ಶುಂಠಿಯನ್ನು ಹಿತ್ತಲಲ್ಲಿ ಹೂಳುವುದು, ಸಂತೆಯಿಂದ ತಂದ ಬಸಳೆಯ ಎಲೆ ಬಿಡಿಸಿಕೊಂಡು ದಂಟನ್ನು ಬೇಲಿ ಬುಡದಲ್ಲಿ ಚುಚ್ಚುವುದು, ಪುದೀನದ ಕಡ್ಡಿಯನ್ನು ನೀರಿನ ಲೋಟದಲ್ಲಿ ನಿಲ್ಲಿಸುವುದು ಎಲ್ಲ ಮನೆಗಳಲ್ಲೂ ನಡೆದುಬಂದಿದೆ. ಕೆಸುವಿನ ಗಡ್ಡೆಗಂತೂ ಯಾರೂ ಹೇಳಿಕೊಡಬೇಕಾಗಿಲ್ಲ, ಬಚ್ಚಲ ನೀರು ಹರಿಯುವ ಕಡೆ ಎಸೆದರೆ ಸಾಕು. ಆಲೂಗಡ್ಡೆಯ ಮಾತು ಬಂದಾಗ ಮಾತ್ರ ಅದು ಹಾಸನದ ಹೊಲದಲ್ಲೋ ಉತ್ತರ ಭಾರತದಲ್ಲೋ ಬೆಳೆಯುವಂಥದ್ದು, ನಮ್ಮ ಮಹಡಿಗೆ ಬರುವಂಥದ್ದಲ್ಲ ಎಂದು ಸುಮ್ಮನಾಗುತ್ತೇವೆ.

ಒಂದು ಗಡ್ಡೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಮಣ್ಣಿನೊಳಗೆ ಬೆಳೆಯುವುದರಿಂದ ಬೇರು ಅಂದುಕೊಳ್ಳುತ್ತೇವೆ. ಅದು ಬೇರಲ್ಲ, ಕಾಂಡ. ಗಿಡ ತನ್ನ ಬುಡದಿಂದ ಮಣ್ಣಿನೊಳಗೆ ಅಡ್ಡಕ್ಕೆ ಬಳ್ಳಿಯಂಥ ಕವಲು ಚಾಚುತ್ತದೆ, ಅದರ ತುದಿ ಪಿಷ್ಟ ತುಂಬಿಕೊಂಡು ಊದಿದಾಗ ಗಡ್ಡೆ. ಕಣ್ಣು ಎಂದು ನಾವು ಕರೆಯುವ ಗುಳಿಗಳೆಲ್ಲ ಆ ಕಾಂಡದ ಗೆಣ್ಣುಗಳು, ಒಂದೊಂದರಲ್ಲೂ ಮೊಗ್ಗುಗಳಿವೆ. ಗಡ್ಡೆಯ ಒಂದು ತುದಿಯಲ್ಲಿ ಕಣ್ಣುಗಳು ಒತ್ತೊತ್ತಾಗಿರುತ್ತವೆ, ಅದು ತಲೆ. ಇನ್ನೊಂದು ತುದಿಯಲ್ಲಿರುವುದು ತಾಯಿಗಿಡಕ್ಕೆ ಅಂಟಿಕೊಂಡಿದ್ದ ಹೊಕ್ಕುಳು. ತಲೆಯ ಮೊಳಕೆ ಮೊದಲು ಎದ್ದು ಉಳಿದವನ್ನು ತಡೆದು ಹಿಡಿಯುತ್ತದೆ. ಗಡ್ಡೆಯನ್ನು ಹೋಳು ಮಾಡಿದರೆ ಆ ಹಿಡಿತ ತಪ್ಪಿ, ಹಿಂದಿನ ಕಣ್ಣುಗಳೂ ಏಳುತ್ತವೆ.

ಅಗೆದ ತಕ್ಷಣ ಗಡ್ಡೆ ಮೊಳೆಯುವುದಿಲ್ಲ. ಸುಮಾರು ಎರಡು ತಿಂಗಳು, ತಳಿಯ ಪ್ರಕಾರ ಹೆಚ್ಚುಕಡಿಮೆ, ಅದಕ್ಕೆ ನಿದ್ದೆಯ ಕಾಲ. ಆ ಅವಧಿ ಮುಗಿದರೆ ನೀರೂ ಬೇಡ, ಮಣ್ಣೂ ಬೇಡ, ಬೆಳಕೂ ಬೇಡ. ಬುಟ್ಟಿಯ ಕತ್ತಲಲ್ಲೇ ತನ್ನ ಪಿಷ್ಟ ಕರಗಿಸಿಕೊಂಡು ಚಿಗುರುತ್ತದೆ. ವ್ಯಾಪಾರಕ್ಕೆ ಇದು ತೊಂದರೆ. ಅದಕ್ಕೇ ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಾರೆ, ಕೆಲವು ಕಡೆ ಮೊಳಕೆ ತಡೆಯುವ ಔಷಧಿಯ ಹೊಗೆ ಕೊಡುತ್ತಾರೆ. ಆ ಹೊಗೆ ತಾಗಿದ ಗಡ್ಡೆಯನ್ನು ಹೂತು ಎಷ್ಟು ನೀರು ಹಾಕಿದರೂ ಏಳಲಿಕ್ಕಿಲ್ಲ. ಆದ್ದರಿಂದ ಅಂಗಡಿಯ ಗಡ್ಡೆ ನೆಡುವವರು ಪಾಲಿಸಬೇಕಾದ ಮೊದಲ ನಿಯಮ: ತಾನಾಗಿ ಮೊಳೆತದ್ದನ್ನೇ ನೆಡಬೇಕು. ಎರಡನೆಯದು, ಮೊಳಕೆಯ ಗುಣ ನೋಡಬೇಕು. ಕತ್ತಲಲ್ಲಿ ಬಂದ ಬಿಳೀ ಉದ್ದ ಮೊಳಕೆ ಮುಟ್ಟಿದರೆ ಮುರಿಯುತ್ತದೆ. ಕಣ್ಣು ಬಿರಿಯುತ್ತಿದ್ದಂತೆ ಗಡ್ಡೆಯನ್ನು ಬಿಸಿಲು ನೇರವಾಗಿ ಬೀಳದ, ಬೆಳಕಿರುವ ಕಿಟಕಿಯ ಬಳಿ ತಲೆ ಮೇಲಾಗಿ ಇಟ್ಟರೆ ಮೊಳಕೆ ಗಿಡ್ಡವಾಗಿ, ದಪ್ಪವಾಗಿ, ಹಸಿರು-ನೇರಳೆ ಬಣ್ಣಕ್ಕೆ ತಿರುಗುತ್ತದೆ. ಹಾಗೆ ಬೆಳಕಿಗಿಟ್ಟ ಗಡ್ಡೆ ಮಣ್ಣಿಗಷ್ಟೇ, ಬಾಣಲೆಗಲ್ಲ. ಸಿಪ್ಪೆ ಹಸಿರಾದಲ್ಲೆಲ್ಲ ಸೊಲನೈನ್ ಎಂಬ ಕಹಿ ವಿಷ ಹೆಚ್ಚಿರುತ್ತದೆ, ಬೇಯಿಸಿದರೆ ಹೋಗುವುದೂ ಇಲ್ಲ. ಮೊಳಕೆಯಲ್ಲಿ, ಎಲೆಯಲ್ಲಿ, ಗಿಡ ಬಿಡುವ ಪುಟ್ಟ ಹಸಿರು ಕಾಯಿಯಲ್ಲಿಯೂ ಅದೇ ವಿಷ. ಬದನೆ, ಟೊಮೇಟೊ, ಮೆಣಸಿನಕಾಯಿಗಳ ಕುಲವೇ ಆಲೂಗಡ್ಡೆಯದೂ. ಕಾಯಿ ನೋಡಲು ಎಳೇ ಟೊಮೇಟೊದಂತಿರುವುದರಿಂದ ಮಕ್ಕಳಿರುವ ಮನೆಯಲ್ಲಿ ಇದನ್ನು ಮೊದಲೇ ಹೇಳಿಡಬೇಕು.

ಕಾಲದ ವಿಷಯಕ್ಕೆ ಬರೋಣ. ಗಿಡ ಎಲ್ಲಿ ಬೇಕಾದರೂ ಬಂದೀತು, ಗಡ್ಡೆ ಕಟ್ಟಲು ರಾತ್ರಿ ತಂಪಾಗಿರಬೇಕು, 20 ಡಿಗ್ರಿಗಿಂತ ಕೆಳಗೆ. ಬೆಂಗಳೂರು, ಮೈಸೂರು, ಧಾರವಾಡದ ಕಡೆಯವರು ದೀಪಾವಳಿಯ ಆಸುಪಾಸಿನಲ್ಲಿ ನೆಟ್ಟರೆ ಚಳಿಯ ರಾತ್ರಿಗಳೆಲ್ಲ ಗಿಡಕ್ಕೆ ಸಿಗುತ್ತವೆ. ಮಂಗಳೂರಿನ ಸೆಕೆಯಲ್ಲಿ ಸೊಪ್ಪು ಹುಲುಸಾಗಿ ಬಂದು ಬುಡದಲ್ಲಿ ಏನೂ ಇರುವುದಿಲ್ಲ. ಅಲ್ಲಿಯವರು ಆ ಜಾಗವನ್ನು ಕೆಸುವಿಗೂ ಸುವರ್ಣಗಡ್ಡೆಗೂ ಕೊಡುವುದು ಲೇಸು. ಮಹಡಿಯ ಮೇಲಾದರೆ ಹಳೆಯ ಪೇಂಟ್ ಬಕೆಟ್ಟಿಗೆ ತೂತು ಕೊರೆದರೂ ಆಗುತ್ತದೆ, ಗೋಣಿಚೀಲವಾದರೂ ಆಗುತ್ತದೆ. ಸಡಿಲವಾದ ಕೆಮ್ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿ ಮೂರನೇ ಒಂದು ಭಾಗ ಮಾತ್ರ ತುಂಬಿ, ಗಡ್ಡೆಯನ್ನು ನಾಲ್ಕು ಬೆರಳು ಆಳದಲ್ಲಿ ಇಡಬೇಕು. ಹಸಿ ಸಗಣಿ ಬೇಡ. ದೊಡ್ಡ ಗಡ್ಡೆಯಾದರೆ ಪ್ರತಿ ಹೋಳಿಗೂ ಎರಡು ಮೂರು ಕಣ್ಣು ಬರುವಂತೆ ಕತ್ತರಿಸಿ, ಗಾಯ ಒಣಗಲು ಎರಡು ದಿನ ನೆರಳಿನಲ್ಲಿ ಬಿಟ್ಟು ನೆಡಬೇಕು. ಗಿಡ ಗೇಣುದ್ದ ಆದಮೇಲೆ ಬುಡಕ್ಕೆ ಮಣ್ಣು ಏರಿಸಬೇಕು, ಇನ್ನಷ್ಟು ಬೆಳೆದ ಮೇಲೆ ಮತ್ತೊಮ್ಮೆ. ಹೂತುಹೋದ ಕಾಂಡದಿಂದಲೇ ಗಡ್ಡೆಯ ಕವಲು ಹೊರಡುವುದು, ಬೆಳಕು ತಾಗಿದ ಗಡ್ಡೆ ಹಸಿರಾಗುವುದು. ಮಣ್ಣು ಏರಿಸುವ ಒಂದೇ ಕೆಲಸದಿಂದ ಎರಡೂ ನೆಟ್ಟಗಾಗುತ್ತವೆ. ನೀರು ಹದವಾಗಿರಲಿ, ನಿಂತರೆ ಕೊಳೆಯುತ್ತದೆ. ಮೂರು ತಿಂಗಳ ಸುಮಾರಿಗೆ ಎಲೆ ಹಳದಿಯಾಗಿ ಗಿಡ ಮಲಗಿದರೆ ಅಗೆಯುವ ಕಾಲ ಬಂತು.

ಪಕ್ಕದ ಮನೆಯವರೊಬ್ಬರು ನನ್ನ ಚೀಲಗಳನ್ನು ನೋಡಿ ಕೇಳಿದರು: "ಅಲ್ರೀ, ಮೂಲೆ ಅಂಗಡೀಲಿ ರಾಶಿ ಬಿದ್ದಿರುತ್ತೆ. ಮನೇಲಿ ಯಾಕ್ರೀ ಬೆಳೀಬೇಕು? ಗೊಬ್ಬರದ ಖರ್ಚೂ ಗಿಟ್ಟಲ್ಲ."

"ಖರ್ಚಿನ ಲೆಕ್ಕದಲ್ಲಿ ನೀವು ಹೇಳೋದೇ ಸರಿ. ಆದರೆ ಬುಟ್ಟೀಲಿರೋದು ಬರೀ ತರಕಾರಿ ಅಲ್ಲ ಸ್ವಾಮಿ, ಬೀಜ. ನಾವು ದಿನಾ ಬೀಜ ಬೇಯಿಸಿ ತಿಂತಾ ಇದ್ದೀವಿ. ಅದು ಗೊತ್ತಾಗೋಕೆ ಒಂದು ಸಲವಾದ್ರೂ ಬೆಳೀಬೇಕು."

ನಾನು ಹೇಳಬೇಕೆಂದಿರುವುದೂ ಇಷ್ಟೇ. ರಾಗಿ, ಭತ್ತ, ಜೋಳದಲ್ಲೂ ಕಾಳೇ ಬೀಜ, ನಿಜ. ಆದರೆ ಒಣಗಿದ ಕಾಳು ಕಣಜದಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಆಲೂಗಡ್ಡೆಯಲ್ಲಿ ನೀರೇ ಮುಕ್ಕಾಲು ಪಾಲು, ಅದು ಕಾಯುವುದಿಲ್ಲ. ಈ ವರ್ಷದ ಗಡ್ಡೆಯನ್ನು ಬರುವ ಹಂಗಾಮಿನಲ್ಲಿ ನೆಡದಿದ್ದರೆ ತಳಿಯೇ ಕೈ ತಪ್ಪಿತು. ತಿನ್ನುವುದೋ ಬಿತ್ತುವುದೋ ಎಂಬುದನ್ನು ಆಲೂಗಡ್ಡೆ ಬೆಳೆದ ಜನರೆಲ್ಲ ವರ್ಷ ವರ್ಷವೂ ತೀರ್ಮಾನಿಸಬೇಕಾಯಿತು. ಪೆರು, ಬೊಲಿವಿಯಾದ ಆಂಡಿಸ್ ಬೆಟ್ಟಗಳಲ್ಲಿ ಏಳೆಂಟು ಸಾವಿರ ವರ್ಷಗಳ ಹಿಂದೆ ಇದನ್ನು ಪಳಗಿಸಿದವರು ಒಂದು ಉಪಾಯ ಕಂಡುಕೊಂಡರು. ತಿನ್ನುವ ಪಾಲನ್ನು ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ, ಹಗಲು ಕಾಲಿನಿಂದ ತುಳಿದು ನೀರು ಹಿಂಡಿ, ಬಿಸಿಲಲ್ಲಿ ಒಣಗಿಸಿ ವರ್ಷಗಟ್ಟಲೆ ಇಡುವ 'ಚುನ್ಯೊ' ಮಾಡಿದರು. ನಮ್ಮ ಸಂಡಿಗೆ-ಹಪ್ಪಳದ ಹೆಂಗಸರು ನೋಡಿದರೆ ಮೆಚ್ಚುವಂಥ ಕೆಲಸ.

ಬೆಟ್ಟ ಇಳಿದು ಹಡಗು ಹತ್ತಿದ ಗಡ್ಡೆ ಪೋರ್ಚುಗೀಸರ ಮೂಲಕ ನಮ್ಮ ಪಶ್ಚಿಮ ಕರಾವಳಿಗೂ ಬಂತು. ನಮ್ಮ ಸಂಪ್ರದಾಯ ಇದನ್ನು ನಡೆಸಿಕೊಂಡ ರೀತಿ ಸೊಗಸಾಗಿದೆ. ಹೊರಗಿನಿಂದ ಬಂದದ್ದೆಂದು ಅನೇಕ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಸೇರಿಸುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಅದೇ ಬಟಾಟೆ ಉಪವಾಸದ ಸಾಬುದಾಣಿ ಖಿಚಡಿಗೆ ಬೇಕೇ ಬೇಕು. ಮಸಾಲೆ ದೋಸೆಯ ಹೊಟ್ಟೆಗೆ ಸೇರಿದ ಮೇಲಂತೂ ಅದನ್ನು ಪರದೇಶಿ ಎನ್ನುವವರಿಲ್ಲ.

ಐರ್ಲೆಂಡಿನಲ್ಲಿ ಅದರ ಮೇಲಿನ ಅವಲಂಬನೆ ಎಲ್ಲೆ ಮೀರಿತ್ತು. ಬಡವರೆಲ್ಲ ಬಹುಪಾಲು ಒಂದೇ ತಳಿ ಬೆಳೆಯುತ್ತಿದ್ದರು. ಗಡ್ಡೆಯಿಂದ ಗಡ್ಡೆ ಹುಟ್ಟುವುದರಿಂದ ಒಂದು ಗಿಡ ಸೋತ ರೋಗಕ್ಕೆ ಊರಿನ ಎಲ್ಲ ಗಿಡಗಳೂ ಸೋಲುತ್ತವೆ. 1845ರಲ್ಲಿ ಅಂಗಮಾರಿ ಬಂತು. 1846ರಲ್ಲಿ ಬೆಳೆ ಪೂರಾ ಹೋಯಿತು. 1847ರಲ್ಲಿ ರೋಗ ಅಷ್ಟಾಗಿ ಇರಲಿಲ್ಲ. ಆದರೂ ಜನ ಸತ್ತರು, ಏಕೆಂದರೆ ಹಿಂದಿನ ವರ್ಷ ಹಸಿವು ತಾಳಲಾರದೆ ಬಿತ್ತನೆಯ ಗಡ್ಡೆಯನ್ನೂ ತಿಂದುಬಿಟ್ಟಿದ್ದರು. ನೆಲವಿತ್ತು, ಮಳೆಯಿತ್ತು, ನೆಡಲು ಗಡ್ಡೆ ಇರಲಿಲ್ಲ. ಆ ಬರದಲ್ಲಿ ಸುಮಾರು 10 ಲಕ್ಷ ಜನ ಪ್ರಾಣ ಬಿಟ್ಟರು, ಅಷ್ಟೇ ಜನ ದೇಶ ಬಿಟ್ಟರು.

ಇದಕ್ಕೆ ಎದುರಾಗಿ ಇನ್ನೊಂದು ಕಥೆ, ರಷ್ಯಾದ ಲೆನಿನ್‌ಗ್ರಾಡಿನದು. ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವ್ ಕಟ್ಟಿದ ಸಂಸ್ಥೆಯಲ್ಲಿ ಲೋಕದ ನಾನಾ ಕಡೆಯ ಬೀಜಗಳಿದ್ದವು, ಆಂಡಿಸ್‌ನಿಂದ ತಂದ ಆಲೂಗಡ್ಡೆಗಳಿದ್ದವು. 1941ರಲ್ಲಿ ಜರ್ಮನ್ ಸೇನೆ ಊರನ್ನು ಮುತ್ತಿದಾಗ ಅಬ್ರಹಾಂ ಕಾಮೆರಾಜ್, ಓಲ್ಗಾ ವೊಸ್ಕ್ರೆಸೆನ್ಸ್ಕಾಯಾ ಎಂಬ ಸಂಸ್ಥೆಯ ಇಬ್ಬರು ವಿಜ್ಞಾನಿಗಳು ಗುಂಡಿನ ದಾಳಿಯ ನಡುವೆ ಪಾವ್ಲೊವ್ಸ್ಕ್‌ನ ಹೊಲದಿಂದ ಆ ಗಡ್ಡೆಗಳನ್ನು ಅಗೆದು ನಗರಕ್ಕೆ ಸಾಗಿಸಿದರು. ಆ ಚಳಿಗಾಲದ ಅತಿ ಕಷ್ಟದ ದಿನಗಳಲ್ಲಿ ಊರಿನ ಬಹುಪಾಲು ಜನಕ್ಕೆ ದಿನಕ್ಕೆ ಸಿಗುತ್ತಿದ್ದದ್ದು 125 ಗ್ರಾಂ ಬ್ರೆಡ್. ನೆಲಮಾಳಿಗೆಯಲ್ಲಿ ಗಡ್ಡೆಗಳು ಹೆಪ್ಪುಗಟ್ಟದಂತೆ ಸಿಕ್ಕಿದ್ದನ್ನೆಲ್ಲ ಸುಟ್ಟು ಬೆಚ್ಚಗಿಟ್ಟರು, ಇಲಿಗಳಿಂದ ಕಾದರು, ತಾವು ಮಾತ್ರ ತಿನ್ನಲಿಲ್ಲ. ಸಂಸ್ಥೆಯ ಹಲವರು ಹಸಿವಿನಿಂದಲೇ ಸತ್ತರು; ಅಕ್ಕಿಯ ತಳಿಗಳನ್ನು ನೋಡಿಕೊಳ್ಳುತ್ತಿದ್ದ ದ್ಮಿತ್ರಿ ಇವಾನೊವ್ ಸತ್ತಾಗ ಸಾವಿರಾರು ಅಕ್ಕಿಯ ಪೊಟ್ಟಣಗಳು ಹಾಗೇ ಇದ್ದವು. 1942ರ ವಸಂತದಲ್ಲಿ ಗಡ್ಡೆಗಳು ಮತ್ತೆ ಮಣ್ಣು ಸೇರಿದವು. ಇದಕ್ಕಿಂತ ದೊಡ್ಡ ತಪಸ್ಸನ್ನು ನಾನು ಕೇಳಿಲ್ಲ.

ಹಾಸನಕ್ಕೆ ಬಂದರೆ, ಅಲ್ಲಿಯ ರೈತ ಮುಂಗಾರಿನ ಮೊದಲ ಮಳೆಗಳಲ್ಲಿ ನೆಡುವ ಗಡ್ಡೆ ಅವನ ಹಿಂದಿನ ಬೆಳೆಯದಲ್ಲ. ಜಲಂಧರದಿಂದ ಲಾರಿಯಲ್ಲಿ ಬಂದು ಎಪಿಎಂಸಿಯಲ್ಲಿ ಮಾರಾಟವಾಗುವ ಬಿತ್ತನೆ ಗಡ್ಡೆ. ಇಲ್ಲೇ ಬೆಳೆದದ್ದನ್ನು ಮತ್ತೆ ಮತ್ತೆ ನೆಟ್ಟರೆ ಸಸ್ಯಹೇನು ಹರಡುವ ನಂಜು ರೋಗಗಳು ಗಡ್ಡೆಯಲ್ಲೇ ಕೂಡಿಕೊಂಡು ಇಳುವರಿ ವರ್ಷವರ್ಷಕ್ಕೂ ಇಳಿಯುತ್ತದೆ. ಉತ್ತರದ ಬಯಲಿನ ಚಳಿಗಾಲದಲ್ಲಿ ಹೇನು ಕಡಿಮೆ. ಹೇನು ಹೆಚ್ಚುವ ಮೊದಲೇ ಗಿಡದ ಸೊಪ್ಪು ಕತ್ತರಿಸಿಬಿಟ್ಟರೆ ಗಡ್ಡೆ ಚೊಕ್ಕಟವಾಗಿ ಉಳಿಯುತ್ತದೆ ಎಂಬ ಪದ್ಧತಿಯನ್ನು ಬಳಕೆಗೆ ತಂದವರು ಕೇಂದ್ರ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ಪುಷ್ಕರನಾಥ್. ಆ ಸಂಸ್ಥೆ 1949ರಲ್ಲಿ ಪಟ್ನಾದಲ್ಲಿ ಶುರುವಾಗಿ ಆಮೇಲೆ ಶಿಮ್ಲಾಕ್ಕೆ ಹೋಯಿತು. ನಮ್ಮ ರೈತರ ಬಾಯಲ್ಲಿರುವ ಕುಫ್ರಿ ಜ್ಯೋತಿ ತಳಿಯ ಕುಫ್ರಿ, ಶಿಮ್ಲಾ ಹತ್ತಿರದ ಊರು.

ಅಂಗಡಿಯ ಗಡ್ಡೆಯನ್ನು ಹೊಲದ ಬಿತ್ತನೆಗೆ ಬಳಸಬಾರದು ಎನ್ನುವುದೂ ಇದೇ ಕಾರಣಕ್ಕೆ. ಅದರಲ್ಲಿ ಯಾವ ರೋಗ ಅಡಗಿದೆಯೋ ಹೊರಗಿನಿಂದ ತಿಳಿಯದು. ಮಹಡಿಯ ಚೀಲಕ್ಕೆ ಚಿಂತೆಯಿಲ್ಲ. ಬೆಳೆ ಮುಗಿದ ಮೇಲೆ ಆ ಮಣ್ಣಿಗೆ ಬದನೆ, ಟೊಮೇಟೊ ಬೇಡ, ಹುರುಳಿಕಾಯಿಯನ್ನೋ ಮೆಂತ್ಯದ ಸೊಪ್ಪನ್ನೋ ಹಾಕಿ.

ಚೀಲ ಕವಿಚಿ ಮಣ್ಣು ಕೆದಕಿದಾಗ ಮುಷ್ಟಿ ಗಾತ್ರದವು ಕೆಲವು, ಗೋಲಿ ಗಾತ್ರದವು ಹಲವು ಸಿಗುತ್ತವೆ. ಹೊಸ ಗಡ್ಡೆಯ ಸಿಪ್ಪೆ ಹೆಬ್ಬೆರಳಿನಿಂದ ಉಜ್ಜಿದರೆ ಬರುವಷ್ಟು ತೆಳು. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಯಲ್ಲಿ ಇಡಿಯಾಗಿಯೇ ಬಾಡಿಸಿ. ಬೀಜಕ್ಕೆಂದು ಒಂದನ್ನೂ ಎತ್ತಿಡಬೇಡಿ, ಮುಂದಿನ ದೀಪಾವಳಿಗೆ ಅಂಗಡಿಯದೇ ಇನ್ನೊಂದು ಗಡ್ಡೆ ಮೊಳೆತಿರುತ್ತದೆ. ಬೀಜ ಕಾಯುವ ಹೊಣೆಯನ್ನು ಯಾರೋ ಎಲ್ಲೋ ಹೊತ್ತಿದ್ದಾರೆ, ಹಿಂದೆಯೂ ಹೊತ್ತಿದ್ದರು. ಅವರು ತಿನ್ನದೆ ಉಳಿಸಿದ್ದರಿಂದಲೇ ನಾವು ಎಲ್ಲವನ್ನೂ ತಿನ್ನಬಹುದು.