ಒನ್, ಟೂ, ತ್ರೀ... ಇಲ್ಲಿ ಎಣಿಸೋಕೆ ಟೈಮಿಲ್ಲ ಗುರುವೇ!

ಸಿನಿಮಾ ಫೈಟಿನಲ್ಲಿ ಹೀರೋ ಯೋಚನೆ ಮಾಡೋದನ್ನು ಎಂದಾದರೂ ನೋಡಿದ್ದೀರಾ? ಹಿಂದಿನಿಂದ ದೊಣ್ಣೆ ಬೀಸಿದರೂ ಅವನ ತಲೆ ತಾನಾಗಿ ಬಗ್ಗುತ್ತದೆ. ಇದರ ಗುಟ್ಟು ಶೂಟಿಂಗ್ ನೋಡಿದವರಿಗೆ ಗೊತ್ತು. ಫೈಟ್ ಮಾಸ್ಟರ್ 'ಒನ್, ಟೂ, ತ್ರೀ' ಅಂತ ಎಣಿಸುತ್ತಾರೆ. ಮೂರಕ್ಕೆ ವಿಲನ್ ಬೀಸಬೇಕು, ನಾಲ್ಕಕ್ಕೆ ಹೀರೋ ಬಗ್ಗಬೇಕು. ಎಲ್ಲಾ ಲೆಕ್ಕ!

1975ರ 'ಮಯೂರ'ದಲ್ಲಿ ಅಣ್ಣಾವ್ರ ಕುಸ್ತಿಯನ್ನು ಟೀವಿಯಲ್ಲಿ ಕಣ್ಣರಳಿಸಿ ನೋಡಿದವನು, 2019ರ 'ಪೈಲ್ವಾನ್'ಗೆ ಥಿಯೇಟರಿನಲ್ಲಿ ಶಿಳ್ಳೆ ಹೊಡೆದವನು ನಾನು. ನಮ್ಮ ಸುಬ್ರಹ್ಮಣ್ಯಪುರದಲ್ಲೇ ಒಂದು ಮಹಡಿ ಮೇಲೆ ಬ್ರೆಜಿಲಿಯನ್ ಜಿಯು-ಜಿಟ್ಸು ಕಲಿಸುತ್ತಾರೆ ಅಂತ ಗೊತ್ತಾದಾಗ ಬಿಡ್ತೀನಾ? ಹೋಗಿ ಸೇರಿದೆ.

ಇದರಲ್ಲಿ ಗುದ್ದಿಲ್ಲ, ಒದೆಯಿಲ್ಲ. ಎದುರಾಳಿಯನ್ನು ಹಿಡಿದು ನೆಲಕ್ಕೆ ಕೆಡವಬೇಕು. ಅಲ್ಲಿ ಕೈಯೋ ಕಾಲೋ ಕುತ್ತಿಗೆಯೋ ಪಟ್ಟಿಗೆ ಸಿಕ್ಕಿತೋ, ಸಿಕ್ಕಿಕೊಂಡವನು ಎದುರಾಳಿಯ ಮೈಮೇಲೋ ಚಾಪೆಯ ಮೇಲೋ ಪಟಪಟ ತಟ್ಟಬೇಕು. ಅದೇ ಟ್ಯಾಪ್, 'ಸೋತೆ, ಬಿಡಪ್ಪಾ' ಅಂತ ಅರ್ಥ. ಜಪಾನಿನ ಜೂಡೋ ಪಟು ಮಿಟ್ಸುಯೋ ಮೈದಾ 1914ರಲ್ಲಿ ಬ್ರೆಜಿಲ್‌ಗೆ ಹೋದರು. ಅವರಿಂದ ಕಲಿತ ಕಾರ್ಲೋಸ್ ಗ್ರೇಸಿ ಮತ್ತು ಅವರ ತಮ್ಮಂದಿರು ಬೆಳೆಸಿದ ವಿದ್ಯೆ ಇದು. 1993ರಲ್ಲಿ ಅದೇ ಮನೆತನದ ಸಣಕಲ ಹುಡುಗ ರಾಯ್ಸ್ ಗ್ರೇಸಿ ಅಮೆರಿಕದಲ್ಲಿ ಒಂದೇ ರಾತ್ರಿ ಮೂವರನ್ನು ಸೋಲಿಸಿ ಜಗತ್ತಿನ ಕಣ್ಣು ತೆರೆಸಿದ. 'ಜೂ' ಅಂದರೆ ಜಪಾನಿ ಭಾಷೆಯಲ್ಲಿ ಮೃದು, ಬಾಗುವಂಥದ್ದು ಅಂತ. ಆ ಒಂದು ಅಕ್ಷರದ ಅರ್ಥ ನನ್ನ ತಲೆಗೆ ಹೋಗಲು ಒಂದು ಮೊಣಕೈ ಬಲಿ ಕೊಡಬೇಕಾಯಿತು!

ಮೊದಲ ಆರು ತಿಂಗಳು ನಾನು ಪಟ್ಟುಗಳನ್ನು ಪಾಠದ ಹಾಗೆ ಬಾಯಿಪಾಠ ಮಾಡಿದೆ. ಅವನು ಹೀಗೆ ಬಂದರೆ ಒಂದು, ಹಾಗೆ ಬಂದರೆ ಎರಡು. ಆದರೆ ಎದುರಾಳಿಗೆ ನನ್ನ ಲೆಕ್ಕ ಗೊತ್ತಿರಬೇಕಲ್ಲ? ನನಗಿಂತ ಇಪ್ಪತ್ತು ಕೆ.ಜಿ. ಕಡಿಮೆ ಇರುವ ಕಾಲೇಜು ಹುಡುಗನೊಬ್ಬ ದಿನಾ ನನ್ನನ್ನು ಸುತ್ತಿ ಮಡಚಿ ಇಡುತ್ತಿದ್ದ. ನಾನು ಎರಡನೇ ಹೆಜ್ಜೆ ನೆನಪು ಮಾಡಿಕೊಳ್ಳುವಷ್ಟರಲ್ಲಿ ಅವನು ಐದರಲ್ಲಿರುತ್ತಿದ್ದ.

ಒಂದು ಸಂಜೆ ಅವನು ನನ್ನ ಎದೆ ಮೇಲೆ ಕೂತ. ಗಾಬರಿಯಲ್ಲಿ ಎರಡೂ ಕೈ ನೀಟಾಗಿ ಚಾಚಿ ಅವನನ್ನು ತಳ್ಳಿದೆ. ಹುಟ್ಟಿದಾಗಿನಿಂದ ಮೈಗೆ ಬಂದಿರೋದು ಅದೇ ಅಲ್ವಾ? ಆದರೆ ಇಲ್ಲಿ ಚಾಚಿದ ಕೈ ಅಂದರೆ ಉಡುಗೊರೆ ಕೊಟ್ಟ ಕೈ. ಗಪ್ಪಂತ ಹಿಡಿದ, ಪಕ್ಕಕ್ಕೆ ಒರಗಿದ, ಆರ್ಮ್‌ಬಾರ್! ಟ್ಯಾಪ್ ಮಾಡಬೇಕಿತ್ತು. ಸಣ್ಣ ಹುಡುಗನಿಗೆ ಎಲ್ಲರ ಮುಂದೆ ಸೋಲೋದಾ? ಹಲ್ಲು ಕಚ್ಚಿದೆ. ಮೊಣಕೈ 'ಟಕ್' ಅಂತು.

"ಸಾರಿ ಅಣ್ಣಾ, ಯಾಕೆ ತಟ್ಟಲಿಲ್ಲ?" ಅಂತ ಆ ಹುಡುಗನೇ ಅಳುವಂತಾದ.

ಮೂರು ವಾರ ಕೈ ಕೊರಳಿಗೆ ನೇತುಬಿತ್ತು. ಬರೆದರೆ ದುಡ್ಡು, ಇಲ್ಲದಿದ್ದರೆ ಇಲ್ಲ ಎನ್ನುವ ಬದುಕು ನನ್ನದು. ನನ್ನ ಜಂಬಕ್ಕೆ ಮನೆ ಬಾಡಿಗೆ ದಂಡ ತೆತ್ತಿತು.

ಆಗ ನೆನಪಾದವರು ನಮ್ಮ ಬೀದಿಯ ತಾತ. ಮೈಸೂರಿನವರು, ದಸರಾ ಕುಸ್ತಿ ನೋಡುತ್ತಾ ಬೆಳೆದವರು, ಪ್ರಾಯದಲ್ಲಿ ಗರಡಿ ಮಣ್ಣು ಮೈಗೆ ಹಚ್ಚಿಕೊಂಡವರು. ನನ್ನ ಕೈ ನೋಡಿ ನಕ್ಕರು.

"ಲೋ, ಪಟ್ಟು ನೆನಪು ಮಾಡ್ಕೊಂಡು ಹಾಕೋನು ಕುಸ್ತಿ ಆಡಲ್ಲ ಕಣೋ, ಪರೀಕ್ಷೆ ಬರೀತಾನೆ. ಪಟ್ಟು ನಿನಗಲ್ಲ, ಮೈಗೆ ಗೊತ್ತಾಗ್ಬೇಕು."

"ಅದು ಹೇಗೆ ತಾತ?"

"ಬೀಳು. ದಿನಾ ಬೀಳು. ಬೀಳೋ ಭಯ ಇರೋವರೆಗೂ ಮೈ ಹಳೇ ಬುದ್ಧಿನೇ ತೋರ್ಸುತ್ತೆ."

ವಾಪಸ್ ಹೋದ ಮೇಲೆ ನಮ್ಮ ಕೋಚ್ ಹೇಳಿದ್ದೂ ಅದನ್ನೇ, ಬೇರೆ ಮಾತಿನಲ್ಲಿ. ದಿನವೂ ಚಾಪೆಯ ಈ ತುದಿಯಿಂದ ಆ ತುದಿಗೆ ಸೀಗಡಿಯ ಹಾಗೆ ಮೈ ಬಾಗಿಸಿ ಸೊಂಟ ಹಿಂದಕ್ಕೆ ಸರಿಸುತ್ತಾ ಹೋಗಬೇಕು. ಆಮೇಲೆ ಅರ್ಧ ಬಲವನ್ನೂ ಹಾಕದೆ, ನಿಧಾನವಾಗಿ ಸೆಣಸಬೇಕು. ಗೆಲ್ಲುವ ಹಾಗಿಲ್ಲ! ಅವನು ಜಾಗ ಕೇಳಿದರೆ ಕೊಡಬೇಕು, ನನಗೆ ಸಿಕ್ಕ ಜಾಗಕ್ಕೆ ಹರಿಯಬೇಕು. ಕೆಲವೊಮ್ಮೆ ಕಣ್ಣು ಮುಚ್ಚಿಕೊಂಡೇ. ಮೊದಮೊದಲು ನಾಚಿಕೆ. ದಿನಕ್ಕೆ ಹತ್ತು ಸಲ ಟ್ಯಾಪ್ ಮಾಡಿದ ಮೇಲೆ ನಾಚಿಕೆಗೇ ಬೇಜಾರಾಗಿ ಅದು ಎದ್ದು ಹೋಯಿತು.

ಕಳೆದ ತಿಂಗಳು ಅದೇ ಹುಡುಗನ ಜೊತೆ ಜೋಡಿ. ಅಡ್ಡಲಾಗಿ ಮೇಲೆ ಬಿದ್ದಿದ್ದವನು ಎದೆ ಮೇಲೆ ಕೂರಲು ಕಾಲು ದಾಟಿಸಿದ. ನಾನು ಯೋಚಿಸಲಿಲ್ಲ. ಸೊಂಟ ಹಿಂದಕ್ಕೆ ಜಾರಿತ್ತು, ಮೊಣಕಾಲು ನಡುವೆ ನುಸುಳಿತ್ತು, ಅವನು ನನ್ನೆರಡು ಕಾಲುಗಳ ನಡುವೆ ಬಂದಿದ್ದ. ನನ್ನ ಕೈಗಳೋ, ಎದೆಗೆ ಅಂಟಿಕೊಂಡು ತೆಪ್ಪಗಿದ್ದವು! ಮಾಡಿದ್ದು ಯಾರು? ನಾನಂತೂ ಅಲ್ಲ. ಎಲ್ಲಾ ಮುಗಿದ ಮೇಲೆ ನನಗೆ ಸುದ್ದಿ ಬಂತು ಅಷ್ಟೆ.

"ಸೂಪರ್ ಅಣ್ಣಾ!" ಅಂದ ಹುಡುಗ.

ಆ ಖುಷಿಯಲ್ಲಿ ಮೈಮರೆತೆ ನೋಡಿ, ಮರುಕ್ಷಣವೇ ಕುತ್ತಿಗೆ ಅವನ ಕೈಯಲ್ಲಿ! ಈ ಸಲ ಹಲ್ಲು ಕಚ್ಚಲಿಲ್ಲ. ಪಟಪಟ ತಟ್ಟಿದೆ. ಎದ್ದು ಕೈ ಕುಲುಕಿ ಮತ್ತೆ ಕೂತೆವು, ಇನ್ನೊಂದು ಸುತ್ತಿಗೆ.